ಹಂದಿಮರಿಗಳಿಗೆ ವೈರಸ್ ಭೇದಿ ಹೊಡೆದ್ರೆ ಏನ್ ಮಾಡ್ಬೇಕು, ತಾಯಿ ಹಾಲಲ್ಲಿ ಇಮ್ಯುನಿಟಿ ಬರೋ ಹಾಗೆ ಮಾಡೋದು ಹೇಗೆ

ರಾತ್ರಿ ಹಾಲು ಕುಡ್ಕೊಂಡು ಒಂದರ ಮೇಲೊಂದು ಬಿದ್ದು ಮಲಗಿದ್ದ ಮರಿಗಳು, ಬೆಳಗ್ಗೆ ಹೋಗಿ ನೋಡಿದ್ರೆ ಹಿಂಭಾಗ ಪೂರ್ತಿ ಒದ್ದೆ, ನೆಲದ ಮೇಲೆ ಒಡೆದ ಹಾಲಿನ ಥರ ವಾಂತಿ, ಸಂಜೆ ಹೊತ್ತಿಗೆ ಪಕ್ಕದ ನಾಲ್ಕು ಪೆನ್ನಲ್ಲೂ (ತಾಯಿ-ಮರಿ ಇರೋ ಗೂಡು) ಅದೇ ಕಥೆ. ಇಂಥ ಹೊತ್ತಲ್ಲಿ ಎಲ್ರೂ ಮೊದಲು ಮಾಡೋದು ಆಂಟಿಬಯೋಟಿಕ್ ಬಾಟ್ಲಿ ಹುಡುಕೋದು. ಸ್ವಲ್ಪ ತಡೀರಿ. ವೈರಸ್ ಆಗಿದ್ರೆ ಆ ಬಾಟ್ಲಿಯಿಂದ ಏನೂ ಆಗಲ್ಲ, ಅಷ್ಟರೊಳಗೆ ಮಾಡ್ಬೇಕಾಗಿದ್ದ ನಾಲ್ಕು ಕೆಲಸದ ಟೈಮೂ ಹೋಗ್ಬಿಡತ್ತೆ. ಒಂದು ವಾರದ ಒಳಗಿನ ಮರಿ ಉಳಿಯತ್ತಾ ಇಲ್ವಾ ಅನ್ನೋದು ಬಹುಪಾಲು ಅದರ ತಾಯಿಯ ಕರುಳು ಈ ವೈರಸ್ಸನ್ನ ಮೊದಲೇ ನೋಡಿತ್ತಾ ಅನ್ನೋದ್ರ ಮೇಲೆ ನಿಂತಿರತ್ತೆ, ಅದಕ್ಕೇ ಕೆಳಗೆ ಮರಿಗಿಂತ ತಾಯಿ ಬಗ್ಗೆನೇ ಜಾಸ್ತಿ ಬರ್ದಿದೀನಿ, ಬೇಜಾರ್ ಮಾಡ್ಕೋಬೇಡಿ.

ಮೊದಲು ಶತ್ರು ಯಾರು ಅಂತ ತಿಳ್ಕೊಳ್ಳಿ

ಇವುಗಳಲ್ಲಿ ದೊಡ್ಡ ಹೆಸರು ಪಿಇಡಿ ವೈರಸ್, ಅಂದ್ರೆ ಪೋರ್ಸೈನ್ ಎಪಿಡೆಮಿಕ್ ಡಯೇರಿಯಾ. ಇದೊಂದು ಕೊರೊನಾ ವೈರಸ್ಸೇ, ಆದ್ರೆ ಮನುಷ್ಯರಿಗೆ ಬರಲ್ಲ, ಆ ಭಯ ಬೇಡ. 1971ರಲ್ಲಿ ಇಂಗ್ಲೆಂಡಲ್ಲಿ ಈ ಕಾಯಿಲೆ ಮೊದಲು ಕಾಣಿಸ್ಕೊಂಡಿದ್ದು, 1978ರಲ್ಲಿ ಬೆಲ್ಜಿಯಂನಲ್ಲಿ ವೈರಸ್ಸನ್ನ ಗುರುತಿಸಿದ್ರು, ಆ ಹಳೇ ಸ್ಟ್ರೈನ್‌ಗೆ, ಅಂದ್ರೆ ವೈರಸ್ಸಿನ ತಳಿಗೆ, ಸಿವಿ777 ಅಂತ ಹೆಸರು. ತುಂಬಾ ವರ್ಷ ಇದು ಬರ್ತಾ ಹೋಗ್ತಾ ಇತ್ತು, ಆಮೇಲೆ 2010ರ ಕೊನೇಲಿ ಚೀನಾದಲ್ಲಿ ಇದರದ್ದೇ ಬದಲಾದ ರೂಪ, ಜಿ2 ಗುಂಪು ಅಂತಾರೆ, ಅದು ಶುರುವಾಯ್ತು ನೋಡಿ, ಹಳೇ ಸ್ಟ್ರೈನ್ ಮೇಲೆ ಮಾಡಿದ್ದ ಲಸಿಕೆ ಹಾಕಿದ್ದ ಫಾರಂಗಳಲ್ಲೂ ಮರಿಗಳು ಸಾಲುಸಾಲಾಗಿ ಹೋದ್ವು. 2013ರಲ್ಲಿ ಅದೇ ಥರದ್ದು ಅಮೆರಿಕಕ್ಕೆ ಕಾಲಿಟ್ಟು ಸುಮಾರು ಒಂದು ವರ್ಷದಲ್ಲಿ 70 ಲಕ್ಷದಷ್ಟು ಮರಿಗಳನ್ನ ತಗೊಂಡು ಹೋಯ್ತು ಅಂತ ಅಂದಾಜು, ಅಲ್ಲಿನ ಹಂದಿಗಳು ಆ ವೈರಸ್ಸನ್ನ ಅದುವರೆಗೂ ಕಂಡೇ ಇರ್ಲಿಲ್ಲ.

ಸ್ಟ್ರೈನ್ ಅಂದ್ರೆ ಏನ್ ವ್ಯತ್ಯಾಸ ಅಂತ ಕೇಳೋರಿಗೆ ಹೇಳ್ಬಿಡ್ತೀನಿ. ವೈರಸ್ ಮೈಮೇಲೆ ಮುಳ್ಳಿನ ಥರ ಇರೋ ಸ್ಪೈಕ್ ಪ್ರೋಟೀನ್ ಇದ್ಯಲ್ಲ, ಅದ್ರಲ್ಲೇ ಜಾಸ್ತಿ ಬದಲಾವಣೆ ಆಗೋದು. ಎಸ್-ಇಂಡೆಲ್ ಅಂತ ಒಂದು ಗುಂಪಿದೆ, ಸ್ಪೈಕ್‌ನಲ್ಲಿ ಕೆಲವು ತುಂಡು ಸೇರಿ ಕೆಲವು ತುಂಡು ಬಿಟ್ಟುಹೋಗಿರೋದು, ಅದು ಬಂದ್ರೆ ಸಾಮಾನ್ಯವಾಗಿ ಸಾವು ಕಮ್ಮಿ, ಭೇದಿನೂ ಸ್ವಲ್ಪ ಹಗುರ. ಜಿ2 ಗುಂಪಿಂದು ಬಂದ್ರೆ 7 ದಿನದ ಒಳಗಿನ ಮರಿಗಳಲ್ಲಿ ಅರ್ಧದಿಂದ ಹಿಡಿದು ಪೂರ್ತಿ ತನಕ ಹೋಗ್ಬಹುದು. ಎಸ್-ಇಂಡೆಲ್ ಬಂದು ಹೋಗಿರೋ ಹಂದಿಗೆ ಜಿ2 ವಿರುದ್ಧ ಸ್ವಲ್ಪ ರಕ್ಷಣೆ ಇರತ್ತೆ, ಪೂರ್ತಿ ಇರಲ್ಲ.

ಇದರ ನೆಂಟರೂ ಇದಾರೆ. ಟಿಜಿಇ (ಟ್ರಾನ್ಸ್‌ಮಿಸಿಬಲ್ ಗ್ಯಾಸ್ಟ್ರೋಎಂಟರೈಟಿಸ್) ವೈರಸ್ 1946ರಿಂದ ಗೊತ್ತಿರೋದು, ಲಕ್ಷಣ ನೋಡಿದ್ರೆ ಪಿಇಡಿ ಥರಾನೇ, ಆದ್ರೆ ಒಂದರ ಇಮ್ಯುನಿಟಿ ಇನ್ನೊಂದಕ್ಕೆ ಕೆಲಸ ಮಾಡಲ್ಲ. ಡೆಲ್ಟಾ ಕೊರೊನಾ ವೈರಸ್ ಅಂತ ಇನ್ನೊಂದು, 2014ರಲ್ಲಿ ಅಮೆರಿಕದ ಫಾರಂಗಳಲ್ಲಿ ಸಿಕ್ತು, ಸಾವು ಪಿಇಡಿಗಿಂತ ಕಮ್ಮಿ. 2016-17ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನಲ್ಲಿ ಬಾವಲಿ ಮೂಲದ ಸ್ಯಾಡ್ಸ್ ವೈರಸ್ ಬಂದು 24 ಸಾವಿರಕ್ಕೂ ಹೆಚ್ಚು ಮರಿ ಸತ್ವು. ರೋಟಾ ವೈರಸ್ ಅಂತೂ ಹಂದಿ ಇರೋ ಕಡೆಯೆಲ್ಲಾ ಇದ್ದೇ ಇರತ್ತೆ, ಎ, ಬಿ, ಸಿ ಅಂತ ಗುಂಪುಗಳು, ಒಂದರ ವಿರುದ್ಧ ಬಂದ ಶಕ್ತಿ ಇನ್ನೊಂದಕ್ಕೆ ಉಪಯೋಗಕ್ಕೆ ಬರಲ್ಲ.

ಇದು ವೈರಸ್ಸೇನಾ ಅಂತ ಶೆಡ್ಡಲ್ಲೇ ಅಂದಾಜು ಮಾಡೋದು

ಹರಡೋ ಸ್ಪೀಡ್ ನೋಡಿ. ಅಲ್ಲೊಂದು ಇಲ್ಲೊಂದು ಪೆನ್ನಲ್ಲಿ, ಅದ್ರಲ್ಲೂ ಮೊದಲನೇ ಸೂಲಿನ ಹಂದಿಗಳ ಮರಿಗಳಲ್ಲಿ ಮಾತ್ರ ಭೇದಿ ಅಂದ್ರೆ ಈ.ಕೋಲೈ ಅನ್ನೋ ಬ್ಯಾಕ್ಟೀರಿಯಾ ಇರಬಹುದು. ರಕ್ತ ಬೆರೆತಿದ್ರೆ ಕ್ಲಾಸ್ಟ್ರಿಡಿಯಂ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಅನುಮಾನ. ಒಂದು ವಾರ ದಾಟಿದ ಮರಿಗಳಲ್ಲಿ ಮೊದಲು ಪೇಸ್ಟ್ ಥರ ಆಮೇಲೆ ತೆಳ್ಳಗೆ, ಸಾವು ಕಮ್ಮಿ, ತೂಕ ಏರ್ತಿಲ್ಲ ಅಂದ್ರೆ ಕಾಕ್ಸಿಡಿಯಾ ಅನ್ನೋ ಕರುಳಿನ ಪರಾವಲಂಬಿ. ಆದ್ರೆ ಒಂದೆರಡು ದಿನದಲ್ಲಿ ಸಾಲಿಗೆ ಸಾಲೇ ನೀರು ನೀರಾಗಿ ಭೇದಿ, ಜೊತೆಗೆ ವಾಂತಿ, ಕೆಲವು ತಾಯಿ ಹಂದಿಗಳೂ ಮೇವು ಬಿಟ್ಟು ಸಗಣಿ ತೆಳ್ಳಗಾಗಿದ್ರೆ ಆಗ ಪಿಇಡಿ ಇಲ್ಲಾ ಟಿಜಿಇ ಅಂತಾನೇ ಅಂದ್ಕೊಂಡು ಕೆಲಸ ಶುರು ಮಾಡಿ, ರಿಪೋರ್ಟ್ ಬರ್ಲಿ ಅಂತ ಕೂರಬೇಡಿ. ವೈರಸ್ ಹೊಟ್ಟೆಗೆ ಹೋದ ಒಂದರಿಂದ ನಾಲ್ಕು ದಿನದೊಳಗೆ ಲಕ್ಷಣ ಬರತ್ತೆ, ಎಳೇ ಮರಿಗಳಲ್ಲಿ ಒಂದೇ ದಿನಕ್ಕೂ ಬರಬಹುದು.

ಒಂದು ಸಣ್ಣ ಉಪಾಯ, ಲಿಟ್ಮಸ್ ಪೇಪರ್. ತಾಜಾ ಭೇದಿಗೆ ತಾಗಿಸಿ ನೋಡಿ. ವೈರಸ್ ಭೇದಿಲಿ ಹಾಲಿನ ಸಕ್ಕರೆ ಜೀರ್ಣ ಆಗದೆ ಹುಳಿಯಾಗಿರೋದ್ರಿಂದ ಪೇಪರ್ ಕೆಂಪು ಕಡೆ ಹೋಗತ್ತೆ, ಈ.ಕೋಲೈನಲ್ಲಿ ಕ್ಷಾರ ಇರೋದ್ರಿಂದ ನೀಲಿ ಕಡೆ. ಇದು ಬರೀ ಸುಳಿವು ಅಷ್ಟೇ, ಎರಡೂ ಒಟ್ಟಿಗೆ ಬಂದಿದ್ರೆ ಪೇಪರ್‌ನ ನಂಬೋಕಾಗಲ್ಲ.

ಖಚಿತ ಆಗ್ಬೇಕಂದ್ರೆ ಲ್ಯಾಬೇ ಗತಿ. ಭೇದಿ ಶುರುವಾಗಿ 24 ಗಂಟೆ ಒಳಗಿನ ಮರಿಗಳ ಗುದದ್ವಾರದಿಂದ ಸ್ವಾಬ್ ತೆಗೀರಿ, ಮೂರು ದಿನದಿಂದ ನರಳ್ತಿರೋ ಮರಿದಲ್ಲ, ಈಗ ತಾನೇ ಶುರುವಾಗಿರೋದ್ರದ್ದು, ಯಾಕಂದ್ರೆ ಆಗ್ಲೇ ವೈರಸ್ ತುಂಬಿ ತುಳುಕ್ತಿರತ್ತೆ. ತಣ್ಣಗಿಟ್ಟು ಆರ್‌ಟಿ-ಪಿಸಿಆರ್‌ಗೆ ಕಳ್ಸಿ, ಕೊರೊನಾ ಟೈಮಲ್ಲಿ ನಮ್ಮ ಮೂಗಿಗೆ ಕಡ್ಡಿ ಹಾಕಿ ಮಾಡಿದ್ರಲ್ಲ ಅದೇ ಥರದ ಟೆಸ್ಟು. ಪಿಇಡಿ, ಟಿಜಿಇ, ಡೆಲ್ಟಾ, ರೋಟಾ ನಾಲ್ಕನ್ನೂ ಒಟ್ಟಿಗೇ ಕೇಳಿ. ಆಗ ತಾನೇ ಸತ್ತ ಮರಿ ಇದ್ರೆ ಡಾಕ್ಟರ್ ಸಣ್ಣ ಕರುಳಿನ ತುಂಡನ್ನ 10 ಪರ್ಸೆಂಟ್ ಫಾರ್ಮಲಿನ್‌ನಲ್ಲಿ ಹಾಕ್ತಾರೆ, ಸತ್ತು ಹೊತ್ತಾಗಿದ್ರೆ ಕರುಳು ಕೊಳೆತು ಏನೂ ಗೊತ್ತಾಗಲ್ಲ. ರಕ್ತದ ಆಂಟಿಬಾಡಿ (ಕಾಯಿಲೆ ವಿರುದ್ಧ ಮೈ ತಯಾರು ಮಾಡೋ ಪ್ರೋಟೀನ್) ಟೆಸ್ಟ್ ಈ ಹೊತ್ತಿಗೆ ಬೇಡ, ಅದು ಹಳೇ ಕಥೆ ಹೇಳತ್ತೆ, ಇವತ್ತಿನದ್ದಲ್ಲ.

ಹೊಟ್ಟೆ ಒಳಗೆ ನಡೀತಿರೋದೇನು

ಸಣ್ಣ ಕರುಳಿನ ಒಳಗೋಡೆ ಮೇಲೆ ಟರ್ಕಿ ಟವೆಲ್‌ನ ದಾರದ ಥರ ಎದ್ದಿರೋ ಸಣ್ಣ ಸಣ್ಣ ಬೆರಳುಗಳಿರತ್ವೆ, ವಿಲ್ಲೈ ಅಂತಾರೆ, ಹಾಲು ಜೀರ್ಣ ಆಗೋದು ಹೀರ್ಕೊಳ್ಳೋದು ಎಲ್ಲಾ ಅಲ್ಲೇ. ವೈರಸ್ ಈ ಬೆರಳುಗಳ ಮೇಲಿನ ಕೋಶಗಳಿಗೇ ಕೈ ಹಾಕೋದು. ಕೋಶ ಸತ್ತು ಉದುರಿದ್ರೆ ಬೆರಳು ಗಿಡ್ಡ ಆಗತ್ತೆ. ಚೆನ್ನಾಗಿರೋ ಎಳೇ ಮರಿಯಲ್ಲಿ ಬೆರಳಿನ ಉದ್ದ ಅದರ ಬುಡದ ಗುಂಡಿ ಆಳಕ್ಕಿಂತ ಸುಮಾರು 7 ಪಟ್ಟು ಇರತ್ತೆ, ಕಾಯಿಲೆ ಬಂದ ಮರಿಯಲ್ಲಿ 3 ಪಟ್ಟು ಇಲ್ಲಾ ಅದಕ್ಕಿಂತ ಕಮ್ಮಿಗೆ ಇಳಿಯತ್ತೆ. ಕರುಳಿನ ಗೋಡೆ ಎಷ್ಟು ತೆಳ್ಳಗಾಗತ್ತೆ ಅಂದ್ರೆ ಹೊಟ್ಟೆ ಕೊಯ್ದು ನೋಡಿದ್ರೆ ಒಳಗಿನ ಹಳದಿ ನೀರು ಹೊರಗಿಂದಾನೇ ಕಾಣ್ಸತ್ತೆ, ಜಠರದಲ್ಲಿ ಮಾತ್ರ ಹಾಲಿನ ಗಟ್ಟಿ ಹಾಗೇ ಕೂತಿರತ್ತೆ. ಮರಿ ಹಾಲು ಕುಡಿದಿದೆ, ಆದ್ರೆ ಅದು ಮೈಗೆ ಹತ್ತಿಲ್ಲ.

ದೊಡ್ಡ ಹಂದಿಗೂ ಇದೇ ವೈರಸ್ ಬರತ್ತೆ, ಒಂದು ವಾರ ಭೇದಿ ಮಾಡ್ಕೊಂಡು ಎದ್ದು ನಿಲ್ಲತ್ತೆ, ಹಂಗಾದ್ರೆ ಎಳೇ ಮರಿ ಮಾತ್ರ ಯಾಕೆ ಸಾಯತ್ತೆ? ಉದುರಿದ ಕೋಶಗಳ ಜಾಗಕ್ಕೆ ಬುಡದಿಂದ ಹೊಸವು ಬರ್ಬೇಕು, ಹಾಲು ಬಿಡಿಸಿದ ಮರಿಯಲ್ಲಿ ಅದು ಎರಡು ಮೂರು ದಿನದಲ್ಲಿ ಆಗೋಗತ್ತೆ, ಆಗ ತಾನೇ ಹುಟ್ಟಿದ್ರಲ್ಲಿ 5ರಿಂದ 7 ದಿನ ಬೇಕು, ಅಷ್ಟು ದಿನ ನೀರಿಲ್ದೆ ತಡ್ಕೊಳ್ಳೋ ತಾಕತ್ತು ಅದಕ್ಕಿಲ್ಲ. ಮೈಯಲ್ಲಿ ಕೊಬ್ಬೂ ಇಲ್ಲ, ಬೆಚ್ಚಗಿಟ್ಕೊಳ್ಳೋ ಶಕ್ತಿನೂ ಕಮ್ಮಿ. ಅದ್ರ ಮೇಲೆ ಇಮ್ಯುನಿಟಿ ವಿಷಯ ಬೇರೆ. ವೈರಸ್ ಹೊಕ್ಕ ಕೋಶನ ಮೊದಲ ದಿನವೇ ಕೊಲ್ಲೋ ನ್ಯಾಚುರಲ್ ಕಿಲ್ಲರ್ ಅನ್ನೋ ರಕ್ತಕಣಗಳು ಎಳೇ ಮರಿಯಲ್ಲಿ ಇದ್ರೂ ಇನ್ನೂ ಮಂಕು, ದೊಡ್ಡ ಮರಿಗಳಲ್ಲಿ ಇರೋಷ್ಟು ಚುರುಕಿಲ್ಲ. ಇನ್ನು ಕೋಶಕ್ಕೆ ವೈರಸ್ ನುಗ್ಗಿದ ತಕ್ಷಣ ಅಕ್ಕಪಕ್ಕದವಕ್ಕೆ ಎಚ್ಚರಿಕೆ ಕೊಡೋ ಇಂಟರ್‌ಫೆರಾನ್ ಅನ್ನೋದಿದ್ಯಲ್ಲ, ಈ ವೈರಸ್ ತನ್ನ ಎನ್‌ಎಸ್‌ಪಿ1 ಅನ್ನೋ ಪ್ರೋಟೀನಿಂದ ಅದರ ಬಾಯನ್ನೇ ಮುಚ್ಚಿಸತ್ತೆ, ಕಳ್ಳ ಒಳಗೆ ಬರೋಕೆ ಮುಂಚೆ ನಾಯಿ ಬಾಯಿ ಕಟ್ಟೋ ಹಾಗೆ. ಮರಿ ತನ್ನದೇ ಆಂಟಿಬಾಡಿ ತಯಾರು ಮಾಡೋ ಹೊತ್ತಿಗೆ ಒಂದು ಎರಡು ವಾರ ಆಗಿರತ್ತೆ, ಅಷ್ಟರಲ್ಲಿ ಆಟ ಮುಗಿದಿರತ್ತೆ.

ಗಿಣ್ಣು ಹಾಲು ಕುಡಿಸಿದ್ದೀನಿ, ಆದ್ರೂ ಸತ್ವು ಅನ್ನೋರಿಗೆ

ಈ ಪ್ರಶ್ನೆ ಎಲ್ರೂ ಕೇಳ್ತಾರೆ, ಉತ್ತರ ಗೊತ್ತಾದ್ರೆ ಅರ್ಧ ಕೆಲಸ ಆದಂಗೆ. ಹಂದಿ ಗರ್ಭದಲ್ಲಿ ತಾಯಿಯಿಂದ ಮರಿಗೆ ಆಂಟಿಬಾಡಿ ದಾಟಲ್ಲ, ಮಾಸು ಆ ಥರ ಇದೆ. ಅಂದ್ರೆ ಮರಿ ಹುಟ್ಟೋದು ಖಾಲಿ ಕೈಯಲ್ಲಿ. ಗಿಣ್ಣು ಹಾಲಲ್ಲಿ ಇರೋದು ಹೆಚ್ಚಾಗಿ ಐಜಿಜಿ ಅನ್ನೋ ಆಂಟಿಬಾಡಿ, ಹುಟ್ಟಿದ 24ರಿಂದ 36 ಗಂಟೆ ಒಳಗೆ ಮರಿಯ ಕರುಳು ಅದನ್ನ ಇಡಿಯಾಗಿ ರಕ್ತಕ್ಕೆ ಬಿಟ್ಕೊಳ್ಳತ್ತೆ, ಆಮೇಲೆ ಬಾಗಿಲು ಮುಚ್ಚತ್ತೆ. ಇದು ತುಂಬಾ ಬೇಕು, ಪ್ರತಿ ಮರಿಗೂ ಮೊದಲ ದಿನ 200ರಿಂದ 250 ಮಿಲಿ ಗಿಣ್ಣು ಹಾಲು ಹೋಗ್ಲೇಬೇಕು, ಇಲ್ಲಾಂದ್ರೆ ಬೇರೆ ಕಾಯಿಲೆಗಳಲ್ಲಿ ಹೋಗತ್ತೆ. ಆದ್ರೆ ಪಿಇಡಿ ವೈರಸ್ ಕೆಲಸ ಮಾಡೋದು ರಕ್ತದಲ್ಲಲ್ಲ, ಕರುಳಿನ ಒಳಮೈ ಮೇಲೆ. ರಕ್ತದಲ್ಲಿರೋ ಐಜಿಜಿ ಅಲ್ಲಿಗೆ ಬೇಕಾದಷ್ಟು ಬರಲ್ಲ.

ಅಲ್ಲಿ ಬೇಕಾಗಿರೋದು ಐಜಿಎ ಅನ್ನೋ ಇನ್ನೊಂದು ಥರದ ಆಂಟಿಬಾಡಿ. ಎರಡು ಮೂರು ದಿನ ಕಳೆದು ಗಿಣ್ಣು ಮುಗಿದು ಮಾಮೂಲಿ ಹಾಲು ಶುರುವಾದ್ಮೇಲೆ ಅದ್ರಲ್ಲಿ ಇದೇ ಜಾಸ್ತಿ, ಹೊಟ್ಟೆಯ ರಸಕ್ಕೆ ಸುಲಭವಾಗಿ ಕರಗಲ್ಲ, ಕರುಳಿನ ಗೋಡೆಗೆ ಬಣ್ಣ ಬಳಿದ ಹಾಗೆ ಹರಡ್ಕೊಂಡು ವೈರಸ್ಸನ್ನ ಅಂಟ್ಕೊಳ್ಳೋಕೇ ಬಿಡಲ್ಲ. ಆದ್ರೆ ಬಣ್ಣ ತೊಳೆದು ಹೋಗ್ತಾ ಇರತ್ತೆ, ಅದಕ್ಕೆ ಪ್ರತಿ ಸಲ ಹಾಲು ಕುಡಿದಾಗ್ಲೂ ಹೊಸದಾಗಿ ಬಳೀಬೇಕು. ತಾಯಿಗೆ ಹಾಲು ನಿಂತ್ರೆ, ಕೆಚ್ಚಲು ಬಾವು ಬಂದ್ರೆ, ಜ್ವರ ಬಂದು ಮಲಗಿದ್ರೆ ಆ ದಿನವೇ ಮರಿ ಬಯಲಿಗೆ ಬಿದ್ದ ಹಾಗೆ.

ಈ ಐಜಿಎ ತಾಯಿ ಹಾಲಿಗೆ ಎಲ್ಲಿಂದ ಬರತ್ತೆ ಅನ್ನೋದು ಇನ್ನೂ ಮಜಾ. ತಾಯಿಯ ಕರುಳಿಗೆ ವೈರಸ್ ತಾಗಿದಾಗ ಅಲ್ಲಿ ಟ್ರೈನಿಂಗ್ ಆದ, ಆಂಟಿಬಾಡಿ ಮಾಡೋ ಬಿ ಕೋಶಗಳು ರಕ್ತದಲ್ಲಿ ಪ್ರಯಾಣ ಮಾಡಿ ಕೆಚ್ಚಲಿಗೆ ಬಂದು ಕೂತು ಅಲ್ಲೇ ಐಜಿಎ ತಯಾರು ಮಾಡ್ತವೆ. ಅಂದ್ರೆ ಕರುಳಲ್ಲಿ ಪಾಠ, ಕೆಚ್ಚಲಲ್ಲಿ ಕೆಲಸ. ಅದಕ್ಕೇ ವೈರಸ್ಸನ್ನ ಯಾವತ್ತೂ ಕಾಣದ ಹಂದಿಗೆ ಕುತ್ತಿಗೆಗೆ ಬರೀ ಇಂಜೆಕ್ಷನ್ ಲಸಿಕೆ ಚುಚ್ಚಿದ್ರೆ ರಕ್ತದಲ್ಲಿ ಐಜಿಜಿ ಚೆನ್ನಾಗಿ ಏರತ್ತೆ, ರಿಪೋರ್ಟ್ ನೋಡಿ ಖುಷಿನೂ ಆಗತ್ತೆ, ಹಾಲಲ್ಲಿ ಐಜಿಎ ಮಾತ್ರ ಅಷ್ಟಕ್ಕಷ್ಟೇ. ಅದೇ ಒಂದ್ಸಲ ಕಾಯಿಲೆ ಬಂದು ಹೋಗಿರೋ ಹಂದಿಗೆ ಅದೇ ಇಂಜೆಕ್ಷನ್ ಕೊಟ್ರೆ ಹಳೇ ನೆನಪು ಎಬ್ಬಿಸಿ ಹಾಲಲ್ಲೂ ಆಂಟಿಬಾಡಿ ಏರತ್ತೆ. ಕೆಲವು ದೇಶಗಳಲ್ಲಿ ಬಾಯಿಗೆ ಹಾಕೋ ಜೀವಂತ ಲಸಿಕೆ ಇದೆ, ಮೊದಲು ಅದು ಆಮೇಲೆ ಇಂಜೆಕ್ಷನ್ ಅನ್ನೋ ಕ್ರಮ ಸರಿ ಅಂತ ನನಗೂ ಅನ್ಸತ್ತೆ, ಆದ್ರೆ ಲಸಿಕೆಯ ಸ್ಟ್ರೈನ್ ನಿಮ್ಮ ಶೆಡ್ಡಿನ ಸ್ಟ್ರೈನ್‌ಗೆ ಹತ್ತಿರ ಇರ್ಬೇಕು, ಸಿವಿ777 ಥರದ ಹಳೇ ಲಸಿಕೆ ಹಾಕಿ ಜಿ2 ಬಂದ್ರೆ ಏನಾಯ್ತು ಅಂತ ಮೇಲೇ ಹೇಳಿದೀನಿ.

ಭೇದಿ ಶುರುವಾದ ದಿನ ಮಾಡೋ ಕೆಲಸ

ವೈರಸ್ಸಿಗೆ ಔಷಧಿ ಇಲ್ಲ. ನೀರು, ಉಪ್ಪು, ಬಿಸಿ, ಇವೇ ಔಷಧಿ. ಗ್ಲೂಕೋಸ್ ಜೊತೆ ಉಪ್ಪಿನಂಶ ಇರೋ ಎಲೆಕ್ಟ್ರೋಲೈಟ್ ಪುಡಿ ತಗೊಂಡು ಪ್ಯಾಕೆಟ್ ಮೇಲೆ ಬರ್ದಿರೋ ಅಳತೆಗೇ ಕರಗಿಸಿ, ಗಟ್ಟಿ ಮಾಡಿದ್ರೆ ಬೇಗ ವಾಸಿ ಆಗತ್ತೆ ಅಂತ ಜಾಸ್ತಿ ಹಾಕ್ಬೇಡಿ, ಅದು ಮೈಯಿಂದ ಇನ್ನೂ ನೀರೆಳೆಯತ್ತೆ. ಮರಿಗೆ ಮುಳುಗದಷ್ಟು ಆಳ ಕಮ್ಮಿ ಇರೋ ತಟ್ಟೇಲಿ ಇಡಿ, ಸ್ವಲ್ಪ ಸ್ವಲ್ಪ, ದಿನಕ್ಕೆ ಹಲವು ಸಲ ಬದಲಾಯ್ಸಿ, ಮರಿಗಳು ಅದ್ರಲ್ಲೇ ಹೊಲಸು ಮಾಡ್ತವೆ. ಕುಡಿಯೋಕಾಗದ ಮರಿಗೆ ಹೊಟ್ಟೆ ಪೊರೆಯೊಳಗೆ ದ್ರವ ಕೊಡೋದನ್ನ ಡಾಕ್ಟರ್ ಮಾಡ್ತಾರೆ, ನೀವೇ ಸೂಜಿ ಹಿಡ್ಕೊಂಡು ಪ್ರಯೋಗ ಮಾಡ್ಬೇಡಿ. ತಾಯಿ ಹಾಲು ಬಿಡಿಸಬೇಕಾ ಅಂತ ಕೇಳ್ತಾರೆ, ನಾನಂತೂ ಬಿಡಿಸಲ್ಲ, ಅದ್ರಲ್ಲಿ ಸ್ವಲ್ಪವಾದ್ರೂ ಆಂಟಿಬಾಡಿ ಇದ್ರೆ ಸಿಗ್ಲಿ.

ಮರಿ ಮಲಗೋ ಜಾಗ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರ್ಲಿ, ಒಣಗಿರ್ಲಿ. ತಾಯಿಗೆ ಬೇಕಾಗಿರೋದು 18ರಿಂದ 20, ಅದಕ್ಕೆ ಇಡೀ ರೂಮ್ ಬಿಸಿ ಮಾಡ್ಬೇಡಿ, ಬಲ್ಬನ್ನ ಮರಿಗಳ ಮೂಲೆಗೆ ಮಾತ್ರ ಹಾಕಿ, ಇಲ್ಲಾಂದ್ರೆ ತಾಯಿ ಸೆಕೆಗೆ ಮೇವು ಬಿಟ್ಟು ಹಾಲೂ ಕಮ್ಮಿ ಮಾಡತ್ತೆ. ಬಲ್ಬ್ ಸರಿ ಇದ್ಯಾ ಅಂತ ಥರ್ಮಾಮೀಟರ್‌ಗಿಂತ ಮರಿಗಳೇ ಚೆನ್ನಾಗಿ ಹೇಳ್ತವೆ, ರಾಶಿ ಬಿದ್ದಿದ್ರೆ ಚಳಿ, ದೂರ ದೂರ ಬಿದ್ದಿದ್ರೆ ಸೆಕೆ.

ಆಂಟಿಬಯೋಟಿಕ್ ಪೂರ್ತಿ ಬೇಡ ಅಂತ ಹೇಳ್ತಿಲ್ಲ, ಗಾಯ ಆದ ಕರುಳಲ್ಲಿ ಈ.ಕೋಲೈ ಸೇರ್ಕೊಂಡಿದೆ ಅಂತ ಟೆಸ್ಟಲ್ಲಿ ಬಂದ್ರೆ ಡಾಕ್ಟರ್ ಕೊಡ್ತಾರೆ. ಕಾಯಿಲೆ ಮರಿಯನ್ನ ಒಳ್ಳೇ ಪೆನ್ನಿಗೆ, ಒಳ್ಳೇ ಮರಿಯನ್ನ ಕಾಯಿಲೆ ಪೆನ್ನಿಗೆ ತಾಯಿ ಬದಲಾಯ್ಸೋ ಕೆಲಸ ಇವತ್ತಿಂದ ಬಂದ್. 10-14 ದಿನ ದಾಟಿರೋ ಗಟ್ಟಿ ಮರಿಗಳಿದ್ರೆ ಬೇಗ ಹಾಲು ಬಿಡಿಸಿ ಬೇರೆ ಜಾಗಕ್ಕೆ ಕಳಿಸೋದನ್ನ ಡಾಕ್ಟರ್ ಹತ್ರ ಮಾತಾಡಿ, ಅವು ಬದುಕೋ ಚಾನ್ಸ್ ಜಾಸ್ತಿ, ಇಲ್ಲೇ ಇದ್ರೆ ವೈರಸ್ ಫ್ಯಾಕ್ಟರಿ ಆಗ್ತವೆ.

ತಾಯಿಗಳಿಗೆ ಒಟ್ಟಿಗೇ ತಾಗಿಸೋದು, ಅಂದ್ರೆ ಫೀಡ್‌ಬ್ಯಾಕ್

ಇದು ಓದೋಕೆ ಅಸಹ್ಯ ಅನ್ನಿಸಬಹುದು. ವೈರಸ್ ಒಂದ್ಸಲ ಶೆಡ್ ಒಳಗೆ ಬಂತು ಅಂದ್ಮೇಲೆ ಅದು ಒಂದೊಂದೇ ಹಂದಿಗೆ ನಿಧಾನಕ್ಕೆ ತಾಗ್ತಾ ಹೋದ್ರೆ ತಿಂಗಳುಗಟ್ಲೆ ಮರಿ ಸಾಯ್ತಾನೇ ಇರ್ತವೆ, ಅದರ ಬದಲು ಎಲ್ಲಾ ಗಬ್ಬದ ಹಂದಿಗಳಿಗೂ ಒಂದೇ ಸಲ ತಾಗಿಸಿದ್ರೆ ಎಲ್ಲಕ್ಕೂ ಒಟ್ಟಿಗೆ ಇಮ್ಯುನಿಟಿ ಬರತ್ತೆ. ಭೇದಿ ಶುರುವಾಗಿ 12 ಗಂಟೆ ಒಳಗಿನ ಮರಿಗಳ ಭೇದಿ ಇಲ್ಲಾ ಕರುಳನ್ನ ನೀರಲ್ಲಿ ಕಲಸಿ ಹಂದಿಗಳಿಗೆ ಮೇವಲ್ಲಿ ಕೊಡ್ತಾರೆ, ಒಂದೆರಡು ದಿನದಲ್ಲಿ ಹಂದಿ ಮೇವು ಬಿಡ್ಬೇಕು ಇಲ್ಲಾ ಸಗಣಿ ತೆಳ್ಳಗಾಗ್ಬೇಕು, ಯಾವುದಕ್ಕೆ ಏನೂ ಆಗಿಲ್ವೋ ಅದನ್ನ ಗುರುತು ಹಾಕಿ ಮತ್ತೆ ಕೊಡ್ತಾರೆ.

ಆದ್ರೆ ಇದನ್ನ ಯಾವ ಕಾರಣಕ್ಕೂ ಡಾಕ್ಟರ್ ಇಲ್ದೆ ಮಾಡ್ಬೇಡಿ. ಆ ಕರುಳಿನ ಜೊತೆ ಪಿಆರ್‌ಆರ್‌ಎಸ್ (ಹಂದಿಗಳ ಇನ್ನೊಂದು ವೈರಸ್ ಕಾಯಿಲೆ), ಆಫ್ರಿಕನ್ ಹಂದಿ ಜ್ವರ, ಕ್ಲಾಸಿಕಲ್ ಹಂದಿ ಜ್ವರ ಏನಾದ್ರೂ ಇದ್ರೆ ನೀವೇ ಕೈಯಾರೆ ಇಡೀ ಶೆಡ್ಡಿಗೆ ಬಡಿಸಿದ ಹಾಗೆ. ಮೊದಲು ಟೆಸ್ಟ್ ಮಾಡ್ಸಿ, ಕಾನೂನಲ್ಲಿ ಅವಕಾಶ ಇದ್ಯಾ ಕೇಳಿ. ಆಫ್ರಿಕನ್ ಹಂದಿ ಜ್ವರ ಓಡಾಡ್ತಿರೋ ಕಡೆ ಈ ಯೋಚನೆನೇ ಬೇಡ. ಇನ್ನೊಂದು ಏನಂದ್ರೆ ಇದನ್ನ ವಾರ ವಾರ ಮಾಡ್ತಾ ಕೂತ್ರೆ ವೈರಸ್ಸನ್ನ ನೀವೇ ಸಾಕಿದ ಹಾಗೆ, ಒಂದು ಸಲ ಸರಿಯಾಗಿ ಮಾಡಿ ನಿಲ್ಲಿಸ್ಬೇಕು.

ದಿನದ ಲೆಕ್ಕ ತುಂಬಾ ಮುಖ್ಯ. ಹಂದಿ ಗಬ್ಬ 114 ದಿನ. ಮರಿ ಹಾಕೋಕೆ ಕಮ್ಮಿ ಅಂದ್ರೂ ಎರಡು ಮೂರು ವಾರ ಮೊದಲು ತಾಗಿದ್ರೆ ಮಾತ್ರ ಹಾಲಿಗೆ ಐಜಿಎ ಬರೋಕೆ ಟೈಮ್ ಸಿಗೋದು, ಗಬ್ಬದ ನಡುವಿನ ಮೂರನೇ ಒಂದು ಭಾಗದಲ್ಲಿ ತಾಗಿದ್ರೆ ಇನ್ನೂ ಒಳ್ಳೇದು. ನಾಳೆ ನಾಡಿದ್ದು ಮರಿ ಹಾಕೋ ಹಂದಿಗಳಿಗೆ ಇದರಿಂದ ಉಪಯೋಗ ಇಲ್ಲ, ಅವುಗಳ ಮರಿಗಳು ಕಷ್ಟದಲ್ಲೇ ಇರ್ತವೆ, ಮೊದಲ ಮೂರು ನಾಲ್ಕು ವಾರದ ನಷ್ಟ ಅಂದ್ರೆ ಇವೇ. ಇದನ್ನ ಮೊದಲೇ ಮನಸ್ಸಿಗೆ ಹೇಳ್ಕೊಂಡಿರಿ, ಇಲ್ಲಾಂದ್ರೆ ಹತ್ತನೇ ದಿನಕ್ಕೆ ಎಲ್ಲಾ ಕೈ ಬಿಟ್ಟು ಕೂರ್ತೀರ.

ತೊಳೆಯೋದು, ಒಣಗಿಸೋದು

ಕಾಯಿಲೆ ಮರಿಯ ಒಂದು ಚಿಟಿಕೆ ಭೇದಿ ಸಾಕು ಎಷ್ಟೋ ಮರಿಗಳಿಗೆ ತಾಗೋಕೆ, ಹಂಗಾಗಿ ಬೂಟು, ಸಲಿಕೆ, ಲಾರಿ ಚಕ್ರ, ಎಲ್ಲಾನೂ ಅನುಮಾನದಿಂದ ನೋಡಿ. ಲಾರಿ ಮೊದಲು. ಕಸಾಯಿಖಾನೆಗೆ ಕ್ಲೀನಾಗಿ ಹೋದ ಲಾರಿ ವೈರಸ್ ಹತ್ತಿಸ್ಕೊಂಡು ವಾಪಸ್ ಬರೋದು ಅಮೆರಿಕದಲ್ಲಿ 2013ರಲ್ಲೇ ಗೊತ್ತಾಗಿತ್ತು. ಮೇವಿನ ಮೂಲಕನೂ ಬರತ್ತೆ, ಸೋಯಾ ಹಿಂಡಿಯಲ್ಲಿ ಬೇರೆ ಪದಾರ್ಥಗಳಿಗಿಂತ ಜಾಸ್ತಿ ದಿನ ಉಳಿಯತ್ತೆ.

ಡಿಸ್‌ಇನ್ಫೆಕ್ಟೆಂಟ್ ಸಗಣಿ ಮೇಲೆ ಸುರಿದ್ರೆ ದುಡ್ಡು ದಂಡ. ಮೊದಲು ಕೆರೆದು ತೆಗೀರಿ, ಸೋಪಿನ ನೀರಲ್ಲಿ ಉಜ್ಜಿ, ತೊಳೀರಿ, ಒಣಗಿಸಿ, ಆಮೇಲೆ ಬ್ಲೀಚ್ ಇಲ್ಲಾ ಹೈಡ್ರೋಜನ್ ಪೆರಾಕ್ಸೈಡ್ ಇಲ್ಲಾ ಗ್ಲುಟರಾಲ್ಡಿಹೈಡ್ ಥರದ್ದು ಹಾಕಿ ಲೇಬಲ್ ಮೇಲಿನ ಹೊತ್ತಿನಷ್ಟು ಬಿಡಿ, ಮತ್ತೆ ಒಣಗಿಸಿ. ಕೊರೊನಾ ಜಾತಿ ವೈರಸ್ಸಿಗೆ ಹೊರಗೆ ಕೊಬ್ಬಿನ ಪೊರೆ ಇರೋದ್ರಿಂದ ಸೋಪಿಗೆ ಬೇಗ ಸೋಲತ್ತೆ, ರೋಟಾಗೆ ಆ ಪೊರೆ ಇಲ್ಲ, ಅದು ಮೊಂಡು. ಲೋಹದ ಮೇಲೆ ತೆಳ್ಳಗೆ ಅಂಟಿರೋ ಭೇದಿಯಲ್ಲಿ ಪಿಇಡಿ ವೈರಸ್ 71 ಡಿಗ್ರಿ ಬಿಸಿಯಲ್ಲಿ 10 ನಿಮಿಷಕ್ಕೆ ಸಾಯತ್ತೆ, 20 ಡಿಗ್ರಿಯಲ್ಲಿ ಖಾಲಿ ಬಿಟ್ರೆ 7 ದಿನ ಬೇಕು. ಗೊಬ್ಬರದ ಗುಂಡಿಯಲ್ಲಿ ತಣ್ಣಗಿದ್ರೆ ವಾರಗಟ್ಲೆ ಬದುಕಿರತ್ತೆ, ಚಳಿಗಾಲದಲ್ಲಿ ಕಾಯಿಲೆ ಜಾಸ್ತಿ ಕಾಣೋಕೆ ಇದೂ ಒಂದು ಕಾರಣ. ಕೆಲಸದ ದಾರಿ ಎಳೇ ಮರಿಯಿಂದ ದೊಡ್ಡ ಹಂದಿ ಕಡೆಗೆ, ಒಳ್ಳೇ ಪೆನ್ನಿಂದ ಕಾಯಿಲೆ ಪೆನ್ನಿಗೆ, ಉಲ್ಟಾ ಹೋಗ್ಬೇಡಿ. ಒಂದು ರೂಮಿನ ಎಲ್ಲಾ ಹಂದಿ ಹೊರಗೆ ಹೋದ್ಮೇಲೇ ತೊಳೆದು ಹೊಸದನ್ನ ತುಂಬಿ.

ಭೇದಿ ನಿಂತ ಮೇಲೂ

ಭೇದಿ ನಿಂತ್ರೂ ಹಂದಿ ಮೂರ್ನಾಲ್ಕು ವಾರ, ಕೆಲವು ಸಲ ಇನ್ನೂ ಜಾಸ್ತಿ, ವೈರಸ್ ಹೊರಗೆ ಹಾಕ್ತಾ ಇರತ್ತೆ, ಹಂಗಾಗಿ ಮರಿ ಸಾಯೋದು ನಿಂತ ಮರುದಿನವೇ ಹೊಸ ಹಂದಿ ತರಬೇಡಿ. ಹೊಸ ಗಿಲ್ಟ್‌ಗಳನ್ನ, ಅಂದ್ರೆ ಇನ್ನೂ ಮರಿ ಹಾಕದ ಹೆಣ್ಣು ಹಂದಿಗಳನ್ನ, ಎಲ್ಲಾ ಒಟ್ಟಿಗೆ ಮೊದಲೇ ತಂದು ಉಳಿದವುಗಳ ಜೊತೆನೇ ತಾಗಿಸಿ ಬಾಗಿಲು ಮುಚ್ಚೋದು ಒಂದು ದಾರಿ. ಇನ್ನೊಂದು, ಶೆಡ್ ಶಾಂತವಾಗಿ ಕೆಲವು ವಾರ ಕಳೆದ್ಮೇಲೆ ವೈರಸ್ ನೋಡಿಲ್ಲದ ಒಂದೆರಡು ಹಂದಿನ ಒಳಗೆ ಬಿಟ್ಟು, ಅವಕ್ಕೆ ಭೇದಿ ಬರತ್ತಾ, ಸ್ವಾಬಲ್ಲಿ ಪಾಸಿಟಿವ್ ಆಗತ್ತಾ ನೋಡೋದು. ಹಾಲು ಬಿಡಿಸಿದ ಮರಿಗಳ ಶೆಡ್ಡನ್ನ ಮರೀಬೇಡಿ, ಅಲ್ಲಿ ಯಾರೂ ಸಾಯಲ್ಲ ಅಂತ ಯಾರೂ ನೋಡಲ್ಲ, ತಾಯಿ ಹಾಲಿನ ರಕ್ಷಣೆ ನಿಂತ ಮರಿಗಳು ಅಲ್ಲಿ ಒಂದರ ಹಿಂದೊಂದು ವೈರಸ್ ಹಿಡ್ಕೊಂಡು ಸದ್ದಿಲ್ದೆ ಇಟ್ಕೊಂಡಿರ್ತವೆ, ಅಲ್ಲಿನ ಕೆಲಸದೋರ ಬೂಟಲ್ಲಿ ಅದು ವಾಪಸ್ ಮರಿ ಹಾಕೋ ರೂಮಿಗೆ ಬರತ್ತೆ.

ತಾಯಿಯ ಇಮ್ಯುನಿಟಿನೂ ಶಾಶ್ವತ ಅಲ್ಲ. ಮುಂದಿನ ಸೂಲಿಗೆ ಹಾಲಲ್ಲಿ ಐಜಿಎ ಇಳಿದಿರಬಹುದು, ಒಂದು ಸಲ ಕಾಯಿಲೆ ಕಂಡ ಹಂದಿಗಳಿಗೆ ಮರಿ ಹಾಕೋಕೆ ಮುಂಚಿನ ವಾರಗಳಲ್ಲಿ ಇಂಜೆಕ್ಷನ್ ಲಸಿಕೆ ಕೊಡೋದು ಆವಾಗ ಅರ್ಥ ಇರೋ ಖರ್ಚು, ಡೋಸ್ ದಿನಾಂಕನ ಲಸಿಕೆ ಕಂಪನಿಯ ಚೀಟಿ ನೋಡ್ಕೊಂಡು ಡಾಕ್ಟರ್ ಜೊತೆ ಗುರುತು ಹಾಕ್ಕೊಳ್ಳಿ. ಮೊದಲನೇ ಸೂಲಿನ ಗಿಲ್ಟ್‌ಗಳ ಪೆನ್ನಿಗೆ ಬೇರೆ ಬಣ್ಣದ ಚೀಟಿ ಅಂಟಿಸಿ ದಿನಾ ಬೆಳಗ್ಗೆ ಮೊದಲು ಅಲ್ಲೇ ಹೋಗಿ ನೋಡಿ, ವೈರಸ್ ಮತ್ತೆ ತಲೆ ಎತ್ತಿದ್ರೆ ಸಾಮಾನ್ಯವಾಗಿ ಅವುಗಳ ಮರಿಗಳಲ್ಲೇ ಮೊದಲು ಕಾಣ್ಸೋದು.